ಹಾಡಿ ಅಳುತ್ತಿದ್ದ ತಿಮಾರೆತೆ

ಕೇಯೋಸ್ ದ್ವೀಪದ ಗುಡ್ಡದೂರಿನಲ್ಲಿ ಯಾರದಾದರೂ ಉಸಿರು ನಿಂತಿತೆಂದರೆ ಮನೆಯವರು ಮೊದಲು ಓಡುತ್ತಿದ್ದುದು ನೀರಿಗೆ, ಆಮೇಲೆ ತಿಮಾರೆತೆಯ ಮನೆಗೆ. ನೀರು ಹೆಣ ತೊಳೆಯುವುದಕ್ಕೆ, ತಿಮಾರೆತೆ ಹಾಡಿ ಅಳುವುದಕ್ಕೆ. ಅಳುವುದಕ್ಕೆ ಮನೆಯವರಿದ್ದರು ನಿಜ. ಆದರೆ ಮನೆಯವರ ಅಳು ಮನೆಯವರ ಸಂಕಟಕ್ಕೆ. ಸತ್ತವನ ಕಿವಿಗೆ ಅದು ಬರೀ ಗದ್ದಲ. ಅವನಿಗೆ ತಲುಪಬೇಕಾದರೆ ಅಳುವಿಗೆ ಧಾಟಿ ಬೇಕು, ಅಪ್ಪ ಅಜ್ಜ ಮುತ್ತಜ್ಜರ ಹೆಸರು ಕ್ರಮವಾಗಿ ಬರಬೇಕು, ಅವನು ನೆಟ್ಟ ಮರ, ಕಟ್ಟಿದ ಗೋಡೆ, ಉಂಡ ಮೋಸ ಎಲ್ಲ ಬರಬೇಕು. ಹಾಗೆ ಹಾಡಿ ಕಳಿಸಿದರೆ ನೆಲದಡಿಯ ಊರಿನ ಬಾಗಿಲಲ್ಲಿ ತಾನು ಇಂಥವನೆಂದು ಹೇಳಿಕೊಳ್ಳುತ್ತಾನೆ. ಹಾಡದೆ ಕಳಿಸಿದರೆ ಹೆಸರಿಲ್ಲದ ನೆರಳಾಗಿ ಬಾಗಿಲಾಚೆಯೇ ಸುಳಿಯುತ್ತಿರುತ್ತಾನೆ. ಇದನ್ನು ಊರಲ್ಲಿ ಯಾರೂ ಯಾರಿಗೂ ಕಲಿಸುತ್ತಿರಲಿಲ್ಲ. ಸಮುದ್ರ ಉಪ್ಪೆಂದು ಯಾರಾದರೂ ಕಲಿಸುತ್ತಾರೆಯೇ?

ತಿಮಾರೆತೆಗೆ ಈ ವಿದ್ಯೆ ಬಂದದ್ದು ದೊಡ್ಡಮ್ಮ ನಿಕಾಸೋಳಿಂದ. ನಿಕಾಸೋ ಒರಟು ಹೆಂಗಸು. ಆಲಿವ್ ಕಾಯಿ ಬಡಿಯುವಾಗ, ಉಣ್ಣೆ ಹಿಂಜುವಾಗ, ಮೇಕೆಗೆ ಓಕ್ ಮರದ ಕಾಯಿ ಆಯುವಾಗ ಒಂದೊಂದೇ ಮನೆತನದ ಹೆಸರು ಹೇಳಿ, ತಪ್ಪಿದರೆ ಕೈಯಲ್ಲಿದ್ದ ಕೋಲಿನಿಂದಲೇ ಮೊಣಕಾಲಿಗೆ ಬಿಡುತ್ತಿದ್ದಳು. ಹಾಡುತ್ತ ಹಾಡುತ್ತ ಹುಡುಗಿಯ ಗಂಟಲು ಕಟ್ಟಿದರೆ ಇನ್ನೊಂದು ಏಟು.

"ಕಣ್ಣೀರು ಬಂದ್ರೆ ಹಾಡು ನಿಲ್ತದೆ ಕಣೇ ಮಂಕೇ. ಅಳೋದು ಅವರ ಕೆಲ್ಸ. ಅಳ್ಸೋದು ನಿಂದು."

ತಿಮಾರೆತೆ ಕಲಿತಳು. ನಿಕಾಸೋ ಸತ್ತಾಗ ಅವಳಿಗೇ ಹಾಡಿ ಕಳಿಸಿದಳು. ಮದುವೆಯಾಗಿ, ಮಗ ಪರ್ಮೆನೋನ ಹುಟ್ಟಿ, ಅವನು ಇನ್ನೂ ಅಂಬೆಗಾಲಿಡುತ್ತಿದ್ದಾಗ ಗಂಡ ಲಾಂಪೋನ, ದೋಣಿಯ ಜೊತೆಗೇ ಕಡಲಲ್ಲಿ ಮುಳುಗಿಹೋದ. ಹೆಣ ಸಿಗಲಿಲ್ಲ. ಬರಿಯ ಮಂಚದ ಮೇಲೆ ಅವನ ಕಂಬಳಿ ಹಾಸಿ, ಕಾಲ ಕಡೆಯನ್ನು ಬಾಗಿಲಿಗೆ ಮಾಡಿ, ತಲೆಯ ಕಡೆ ನಿಂತು ಎರಡು ಹಗಲು ಹಾಡಿದಳು. ಆಮೇಲೆ ಕನಸಿನಲ್ಲಿ ಅವನು ಬಂದ. ಬಟ್ಟೆ ಒಣಗಿತ್ತು. ಅಷ್ಟು ಸಾಕಾಯಿತು ಅವಳಿಗೆ. ಎದ್ದು ಮೇಕೆಯ ಹಾಲು ಕರೆದಳು.

ಹಾಡಿದ್ದಕ್ಕೆ ಜವೆಗೋಧಿಯನ್ನೋ ಉಣ್ಣೆಯನ್ನೋ ಒಣ ಅಂಜೂರದ ಸರವನ್ನೋ ಕೊಡುತ್ತಿದ್ದರು. ಅದರಲ್ಲೇ ಮಗ ಬೆಳೆದ. ಕಲ್ಲು ಕೆಲಸ ಕಲಿತ. ಕೈ ಚೆನ್ನಾಗಿತ್ತು. ಮಿಲೇತೊಸ್ ಪಟ್ಟಣದಲ್ಲಿ ಎಣ್ಣೆ ವ್ಯಾಪಾರ ಮಾಡಿಕೊಂಡು ಬಹಳ ವರ್ಷವಿದ್ದು ಊರಿಗೆ ಮರಳಿದ್ದ ಫನೋದಿಕನೆಂಬ ದೊಡ್ಡ ಮನುಷ್ಯ, ಮನೆ ಕಟ್ಟಿಸುವಾಗ ಪರ್ಮೆನೋನನ ಕೈ ನೋಡಿ ಮೆಚ್ಚಿ ಅಕ್ಷರ ಕಲಿಸಿದ. ಊರಿನಲ್ಲಿ ಕಲ್ಲಿನ ಮೇಲೆ ಅಕ್ಷರ ಕೊರೆಯಬಲ್ಲವನು ಅವನೊಬ್ಬನೇ ಆದ. ಅಕ್ಷರದ ಜೊತೆಗೆ ಫನೋದಿಕನ ಮಾತುಗಳೂ ಬಂದವು. ಸಿಡಿಲು ಯಾರ ಕೈಯ ಆಯುಧವೂ ಅಲ್ಲ, ಮೋಡದೊಳಗಿನ ಗಾಳಿ ಸೀಳಿಕೊಂಡು ಹೊರಬರುವ ಸದ್ದು. ದೇವರೆಂಬುದು ಇದ್ದರೆ ಅದಕ್ಕೆ ಗಡ್ಡವಿಲ್ಲ, ಹೆಂಡತಿಯಿಲ್ಲ, ಹೊಟ್ಟೆಕಿಚ್ಚಿಲ್ಲ. ಮನುಷ್ಯ ಮಣ್ಣು ನೀರಿನಿಂದ ಆದವನು, ಮಣ್ಣು ನೀರಿಗೇ ಹೋಗುತ್ತಾನೆ.

ಊಟದ ಹೊತ್ತಿನಲ್ಲಿ ಇದನ್ನೆಲ್ಲ ಮಗ ಉತ್ಸಾಹದಿಂದ ಹೇಳುತ್ತಿದ್ದರೆ ತಿಮಾರೆತೆ ರೊಟ್ಟಿ ಮುರಿದು ಅವನ ಮುಂದಿಡುತ್ತಿದ್ದಳು.

"ಹೊಟ್ಟೆಕಿಚ್ಚಿಲ್ದಿದ್ರೆ ಒಳ್ಳೇದೇ ಬಿಡಪ್ಪ. ರೊಟ್ಟಿ ಆರೋಗ್ತದೆ, ತಿನ್ನು."

"ನಿನಗೆ ತಮಾಷೆ ಅವ್ವ."

"ತಮಾಷೆ ಇಲ್ಲ. ನಿಮ್ಮ ದೇವ್ರಿಗೆ ಕಿವಿ ಇದ್ಯೋ ಇಲ್ವೋ ಅಷ್ಟು ಕೇಳ್ಕೊಂಡು ಬಾ. ಗಡ್ಡ ಕಟ್ಕೊಂಡು ನಂಗೇನು?"

ಅವನು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಆ ದಿನಗಳಲ್ಲಿ ಆ ಮಾತುಗಳು ಹೊರಗಿನ ಗಾಳಿಯಂತೆ ಬಂದು ಹೋಗುತ್ತಿದ್ದವು.

ಊರಿನ ಮೇಲ್ಗಡೆ ದೆಮೆಯನೆಂಬವನ ಹೊಲ. ಅದಕ್ಕೆ ಅಂಟಿಕೊಂಡು ಥ್ರಾಸೋನನ ಹೊಲ. ನಡುವೆ ಒಂದು ಬುಗ್ಗೆ. ಎರಡು ಮನೆಗೂ ಅದರ ನೀರಿಗಾಗಿ ಜಗಳ. ಒಂದು ಬೇಸಿಗೆಯಲ್ಲಿ ದೆಮೆಯ ಗುಡ್ಡದ ಮೆಟ್ಟಿಲು ಹೊಲದ ಕೆಳಗೆ ತಲೆ ಒಡೆದು ಬಿದ್ದಿದ್ದ. ಕಾಲು ಜಾರಿತು ಎಂದರು ಥ್ರಾಸೋನನ ಕಡೆಯವರು. ತಳ್ಳಿದರು ಎಂದರು ದೆಮೆಯನ ತಮ್ಮಂದಿರು. ನೋಡಿದವರು ಯಾರೂ ಇರಲಿಲ್ಲ.

ತಿಮಾರೆತೆ ಹೋದಳು. ತೊಳೆದು ಎಣ್ಣೆ ಹಚ್ಚಿ ಮಲಗಿಸಿದ್ದ ದೆಮೆಯನ ತಲೆಯ ಕಡೆ ನಿಂತಳು. ಕೂದಲು ಬಿಚ್ಚಿದಳು. ಮೂರನೆಯ ದಿನ, ಹೊತ್ತು ಏರಿದ ಮೇಲೆ, ಊರೆಲ್ಲ ನೋಡುವಂತೆ ಹೆಣ ಹೊರಟಿತು. ಪದ್ಧತಿಯಂತೆ ಬೀದಿಯ ಪ್ರತಿ ತಿರುವಿನಲ್ಲೂ ಮಂಚ ಇಳಿಸಿ ಹಾಡುತ್ತಿದ್ದರು. ಒಂದು ತಿರುವು ಥ್ರಾಸೋನನ ಮನೆಯ ಎದುರಿಗೇ ಇತ್ತು. ಅಲ್ಲಿ ಇಳಿಸಿದರು.

ಸತ್ತವನ ಬಾಯಿಯಾಗಿ ಹಾಡುವುದು ಆ ವಿದ್ಯೆಯ ಕೊನೆಯ ಮೆಟ್ಟಿಲು. ಆ ದಿನ ತಿಮಾರೆತೆಗೆ ಅದು ತಾನಾಗಿಯೇ ಬಂತು. ದನಿ ಅವಳದಾಗಿರಲಿಲ್ಲ.

"ಒಲೆ ಆರಿತು ನನ್ನದು, ಬುಗ್ಗೆ ಕಲಕಿತು ನನ್ನದು,
ಒಡಹುಟ್ಟಿದವರಿದ್ದರಂತೆ ನನಗೆ, ಇದ್ದಾರೆಯೇ?
ಇದ್ದರೆ ಎದುರು ಮನೆಯ ಮಾಡಿನಲಿ
ಹೊಗೆ ಏಕೆ ಇನ್ನೂ ಏಳುತಿದೆ?"

ಹಾಡು ಕೇಳಿ ಎದುರು ಮನೆಯ ಬಾಗಿಲು ತೆರೆಯಿತು. ಹೊರಗೆ ಬಂದವನು ಥ್ರಾಸೋನನಲ್ಲ, ಅವನ ಅಣ್ಣ. ಹುಟ್ಟಿನಿಂದ ಕಾಲು ಸೊಟ್ಟ, ಬುದ್ಧಿ ಸ್ವಲ್ಪ ಮಂದ. ಯಾರ ಮನೆಯಲ್ಲಿ ಸಾವಾದರೂ ಕೋಲೂರಿಕೊಂಡು ಬಂದು ತಿಮಾರೆತೆಯ ಹಾಡು ಕೇಳಿ ಮನಸಾರೆ ಅತ್ತು ಹೋಗುತ್ತಿದ್ದವನು. ಆಗಲೂ ಅವನ ಕೆನ್ನೆ ಒದ್ದೆಯಾಗಿತ್ತು. ದೆಮೆಯನ ತಮ್ಮಂದಿರು ಅವನನ್ನು ಹೊಸ್ತಿಲಲ್ಲೇ ಕಡಿದರು. ಕೋಲು ಉರುಳಿಕೊಂಡು ತಿಮಾರೆತೆಯ ಕಾಲ ಬಳಿ ಬಂತು.

ಅವಳು ಹಾಡು ನಿಲ್ಲಿಸಿದ್ದಳೋ ಇಲ್ಲವೋ ಅವಳಿಗೇ ಆಮೇಲೆ ನೆನಪಾಗಲಿಲ್ಲ.

ಕೊಂದವರು ದೋಣಿ ಹತ್ತಿ ದೇಶಾಂತರ ಹೋದರು. ಊರಿನವರ ಸಭೆ ಸೇರಿತು. ಸತ್ತ ಹೆಳವ ಫನೋದಿಕನಿಗೆ ತಾಯಿಯ ಕಡೆಯಿಂದ ನೆಂಟ. ಫನೋದಿಕ ಎದ್ದು ನಿಂತು ಕೂಗಾಡಲಿಲ್ಲ. ಯಾರನ್ನೂ ಬಯ್ಯಲಿಲ್ಲ. ಕೊಂದದ್ದು ಕತ್ತಿ ಹೌದು, ಆದರೆ ಕತ್ತಿಯನ್ನು ಎತ್ತಿಸಿದ್ದು ಏನು ಎಂದು ಕೇಳಿದ. ಸತ್ತವರ ಹೆಸರಿನಲ್ಲಿ ಬದುಕಿರುವವರು ಮಾತಾಡುತ್ತಾರೆ, ಬದುಕಿರುವವರು ಸಾಯುತ್ತಾರೆ. ಇದು ಇನ್ನು ಸಾಕು ಎಂದ. ಸಭೆ ಒಪ್ಪಿತು. ಇನ್ನು ಮುಂದೆ ಹೆಣವನ್ನು ಸೂರ್ಯ ಹುಟ್ಟುವ ಮೊದಲೇ ಮುಚ್ಚಿ, ಮೌನವಾಗಿ ಒಯ್ಯಬೇಕು, ತಿರುವುಗಳಲ್ಲಿ ಇಳಿಸಬಾರದು, ಕೆನ್ನೆ ಪರಚಿಕೊಳ್ಳಬಾರದು, ಹೊರಗಿನ ಹೆಂಗಸರನ್ನು ಕರೆಸಿ ಹಾಡಿಸಬಾರದು. ತಪ್ಪಿದರೆ ದೇವಸ್ಥಾನಕ್ಕೆ ದಂಡ.

ಅದನ್ನು ಕಲ್ಲಿನಲ್ಲಿ ಕೊರೆದು ಅಪೊಲೊನ ಗುಡಿಯ ಮುಂದೆ ನಿಲ್ಲಿಸಬೇಕಾಗಿತ್ತು. ಕೊರೆಯಬಲ್ಲವನು ಪರ್ಮೆನೋನ ಒಬ್ಬನೇ.

ಅವನು ಮೂರು ದಿನ ಮನೆಯಲ್ಲಿ ಆ ಮಾತೆತ್ತಲಿಲ್ಲ. ಸೊಸೆ ಹೆಡಿಲೆಯೇ ತಡೆಯಲಾರದೆ ಅತ್ತೆಗೆ ಹೇಳಿದಳು. ಸಂಜೆ ಅವನು ಕೈಕಾಲು ತೊಳೆದು ಒಳಗೆ ಬಂದಾಗ ತಿಮಾರೆತೆ ಒಲೆಯ ಮುಂದಿದ್ದಳು.

"ನನ್ನ ಬಾಯಿ ಮುಚ್ಸೋ ಕಲ್ಲು ಕೊರೀತಿದ್ದೀಯಂತೆ."

"ಅವ್ವಾ, ನಾನು ಒಲ್ಲೆ ಅಂದ್ರೆ ಮಿಲೇತೊಸಿಂದ ಯಾರನ್ನೋ ತರಿಸ್ತಾರೆ."

"ತರಿಸ್ಲಿ. ಅವನು ನನ್ನ ಹೊಟ್ಟೇಲಿ ಹುಟ್ಟಿರಲ್ಲ."

ಪರ್ಮೆನೋನ ಕುಳಿತುಕೊಂಡ. ಅಂಗೈಯ ಬೊಬ್ಬೆ ನೋಡಿಕೊಂಡ.

"ನಿಂಗೊಂದು ಮಾತು ಕೇಳ್ಲಾ? ಆ ಹೆಳವಣ್ಣ ಅಳ್ತಾ ಬಂದಿದ್ದ ಅವ್ವ. ನಿನ್ನ ಹಾಡಿಗೇ ಅಳ್ತಿದ್ದ. ನಾನು ಅಲ್ಲೇ ಇದ್ದೆ."

ತಿಮಾರೆತೆ ಬೆಂಕಿ ಕೆದಕಿದಳು. ಆಮೇಲೆ, "ಅವನಿಗೆ ಯಾರು ಹಾಡಿದ್ರು?" ಎಂದಳು.

"ಯಾರೂ ಇಲ್ಲ. ನಿನ್ನ ಕರೆಯೋ ಹಾಗಿರ್ಲಿಲ್ಲವಲ್ಲ."

ಕಲ್ಲು ನಿಂತಿತು. ತಿಮಾರೆತೆ ನೀರಿಗೆ ಹೋಗುವ ದಾರಿ ಬದಲಾಯಿಸಿದಳು.

ಅದಾದ ಮೇಲೆ ಸತ್ತವರೆಲ್ಲ ಸದ್ದಿಲ್ಲದೆ ಹೋದರು. ಮೊದಮೊದಲು ಹೆಂಗಸರು ಹಿತ್ತಿಲ ಕಡೆಯಿಂದ ಬಂದು, "ಬಾಗಿಲು ಹಾಕ್ಕೊಂಡು ಮೆಲ್ಲಗೆ ಹೇಳು ತಿಮಾರೆತಕ್ಕ, ಯಾರಿಗೂ ಕೇಳ್ಸಲ್ಲ," ಎಂದು ಸೆರಗು ಹಿಡಿಯುತ್ತಿದ್ದರು. ಅವಳು ಹೋಗಲಿಲ್ಲ. ದಂಡದ ಭಯವಿರಲಿಲ್ಲ, ಬಾಯಿ ತೆರೆದಾಗಲೆಲ್ಲ ಹೊಸ್ತಿಲ ಮೇಲಿನ ಆ ಒದ್ದೆ ಕೆನ್ನೆ ಎದುರಿಗೆ ಬರುತ್ತಿತ್ತು. ಒಂದೇ ಒಂದು ಸಲ, ಬಡ ಕುರಿಕಾಯುವವಳೊಬ್ಬಳ ಎಳೆಗೂಸು ಸತ್ತಾಗ, ತಾಯಿಯ ಮುಖ ನೋಡಲಾರದೆ ಬಗ್ಗಿ ಕೂಸಿನ ಕಿವಿಯಲ್ಲಿ ಪಿಸುದನಿಯಲ್ಲಿ ಹಾಡಿದಳು. ಹೇಳಲಿಕ್ಕೆ ಏನೂ ಇರಲಿಲ್ಲ. ಮರ ನೆಟ್ಟಿರಲಿಲ್ಲ ಅದು, ಗೋಡೆ ಕಟ್ಟಿರಲಿಲ್ಲ. ಅಮ್ಮನ ಹಾಲಿನ ರುಚಿ ಗೊತ್ತಿತ್ತು ಎಂದು ಹಾಡಿ ಮುಗಿಸಿದಳು. ಮನೆಗೆ ಬಂದು ಮಗನಿಗೆ ತಾನೇ ಹೇಳಿದಳು.

ಅವನು ಸಿಟ್ಟಾಗಲಿಲ್ಲ. "ಆ ತಾಯಿಗೆ ನೆಮ್ಮದಿಯಾಯ್ತಾ?" ಎಂದು ಕೇಳಿದ.

"ಆಯ್ತು."

"ಹಾಗಿದ್ರೆ ಸರಿ ಬಿಡು. ಹಾಡು ಅವಳಿಗೆ. ಕೂಸಿಗಲ್ಲ."

"ಕೂಸಿನ ಕಿವೀಲಿ ಹಾಡಿದ್ದು ಕಣೋ ನಾನು."

"ಹಾಡಿದ್ದು ಅಲ್ಲಿ ಅವ್ವ. ಕೇಳಿದ್ದು ಆ ತಾಯಿ."

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ್ದ. ಆದರೆ ಆ ಮಾತು ಒಂದು ಮುಳ್ಳಿನಂತೆ ಒಳಗೆ ಹೋಗಿ ಮುರಿದು ಉಳಿಯಿತು. ಕೆಲಸ ಮಾಡುತ್ತಿದ್ದಾಗ ಸುಮ್ಮನೆ ನಿಂತುಬಿಡುತ್ತಿದ್ದಳು. ಇಷ್ಟು ವರ್ಷ ತಾನು ಮಂಚದ ತಲೆಯ ಕಡೆ ನಿಂತು ಹಾಡಿದಾಗ ಅಳುತ್ತಿದ್ದವರೆಲ್ಲ ಸುತ್ತ ನಿಂತವರು. ಮಲಗಿದ್ದವರು ಯಾರೂ ಕಣ್ಣು ಮಿಟುಕಿಸಿರಲಿಲ್ಲ. ಅದನ್ನು ಅವಳು ಯಾವಾಗಲೂ ನೋಡಿಯೇ ಇದ್ದಳು, ಗಮನಿಸಿರಲಿಲ್ಲ.

ಕೇಯೋಸಿನಲ್ಲಿ ಬೇಸಿಗೆ ನೆತ್ತಿಗೇರಿದಾಗ ನಾಯಿನಕ್ಷತ್ರ ಮೂಡುತ್ತದೆ. ಆ ಬೆಳಗಿನ ಜಾವ ಗಂಡಸರೆಲ್ಲ ಈಟಿ ಗುರಾಣಿ ಹಿಡಿದು ಗುಡ್ಡದ ತುದಿ ಹತ್ತಿ ಕಾಯುತ್ತಾರೆ. ನಕ್ಷತ್ರ ತೊಳೆದಿಟ್ಟಂತೆ ಹೊಳೆಯುತ್ತ ಬಂದರೆ ವರ್ಷ ಒಳ್ಳೆಯದು. ಮಬ್ಬಾಗಿ, ಕೆಂಪಾಗಿ ಬಂದರೆ ಜ್ವರ. ನಾಯಿಯ ಕೋಪಕ್ಕೂ ಮಳೆಯೊಡೆಯನಾದ ಜ್ಯೂಸ್ ದೇವನಿಗೂ ಬಲಿ ಕೊಟ್ಟು, ತಂಪುಗಾಳಿ ಕಳಿಸೆಂದು ಬೇಡಿಕೊಂಡು ಇಳಿಯುತ್ತಾರೆ. ಆ ವರ್ಷ ಪರ್ಮೆನೋನ ಹೋಗಲಿಲ್ಲ.

"ನಂಗೆ ಕೆಲ್ಸ ಇದೆ ಅವ್ವ. ಅದು ಬೆಂಕಿ ಉಂಡೆ, ಅಷ್ಟೆ. ನಾನು ಗುರಾಣಿ ಹಿಡ್ಕೊಂಡು ನಿಂತ್ರೆ ಅದಕ್ಕೇನು ಗೊತ್ತಾಗ್ತದೆ?"

"ಊರಿಗೆ ಗೊತ್ತಾಗ್ತದಲ್ಲಪ್ಪ. ಊರಿಗೋಸ್ಕರ ಹೋಗು."

"ಊರಿಗೋಸ್ಕರ ಅಂತ ನಾಟಕ ಮಾಡ್ಲಾ?"

ಬಾಗಿಲ ಸಂದಿಯಲ್ಲಿ ನಿಂತಿದ್ದ ಹೆಡಿಲೆ, "ಹೋಗಿ ಬನ್ನಿ ಅಂದ್ರೆ ಹೋಗಿ ಬರೋದಕ್ಕೆ ಏನು ಧಾಡಿ?" ಎಂದಳು. ಅವಳು ಬಂದರಿನ ಕಡೆಯ ಹುಡುಗಿ, ಮಾತು ಖಡಕ್ಕು. ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಪರ್ಮೆನೋನ ಅವಳ ಕಿವಿ ಹಿಂಡಿ ನಗುತ್ತ ಉಳಿ ಸುತ್ತಿಗೆ ಎತ್ತಿಕೊಂಡು ಹೋದ.

ನಕ್ಷತ್ರ ಮಬ್ಬಿನಲ್ಲೇ ಬಂತೆಂದು ಗುಡ್ಡ ಇಳಿದವರು ಹೇಳಿದರು. ಉತ್ತರದ ಗಾಳಿ ಆ ವರ್ಷ ಬೀಸಲಿಲ್ಲ. ತೊಟ್ಟಿಗಳಲ್ಲಿ ನೀರು ಹಸಿರುಗಟ್ಟಿತು. ಜ್ವರ ಮನೆಮನೆಗೂ ಬಂತು. ಹೆಚ್ಚಿನವರು ಮಲಗಿ ಎದ್ದರು. ಪರ್ಮೆನೋನ ಏಳಲಿಲ್ಲ.

ನಾಯಿಗೆ ಬೆನ್ನು ತೋರಿಸಿದವನನ್ನು ನಾಯಿ ಕಚ್ಚಿತು ಎಂದು ಹೊರಗೆ ಮಾತಾಯಿತು. ಆದರೆ ಗುಡ್ಡ ಹತ್ತಿ ಬಲಿ ಕೊಟ್ಟ ಪೂಜಾರಿಯ ಇಬ್ಬರು ಮಕ್ಕಳೂ ಅದೇ ಜ್ವರಕ್ಕೆ ಹೋದರು. ತಿಮಾರೆತೆ ಅದನ್ನೂ ಕೇಳಿಸಿಕೊಂಡಳು. ನಾಯಿಯನ್ನು ಬೇಡಿಕೊಳ್ಳಲು ಬಾಯಿ ಬರಲಿಲ್ಲ. ಅದು ಬರೀ ಬೆಂಕಿ ಎಂದುಕೊಳ್ಳಲು ಧೈರ್ಯ ಬರಲಿಲ್ಲ. ಬಟ್ಟೆ ಒದ್ದೆ ಮಾಡಿ ಮಗನ ಹಣೆಗೆ ಹಾಕುವುದು, ತೆಗೆಯುವುದು, ಇಷ್ಟೇ ಮಾಡಿದಳು.

ಒಂದು ಮಧ್ಯಾಹ್ನ ಜ್ವರ ಸ್ವಲ್ಪ ಇಳಿದಂತಾಗಿ ಅವನು ಕಣ್ಣು ಬಿಟ್ಟ. ಹೆಡಿಲೆ ನೀರಿಗೆ ಹೋಗಿದ್ದಳು.

"ಅವ್ವಾ."

"ಇಲ್ಲೇ ಇದ್ದೀನಿ ಕಣಪ್ಪ."

"ನಾನು ಉಳಿಯಲ್ಲ ಅಲ್ವಾ?"

"ಬಿಡ್ತು ಅನ್ನು."

ಅವನು ಅವಳ ಮಣಿಕಟ್ಟು ಹಿಡಿದ. ಕಲ್ಲು ಕಡಿಯುವವನ ಕೈ, ಆಗಲೂ ಬಿಗಿಯಿತ್ತು. ಅವನ ಕಣ್ಣಿನಲ್ಲಿದ್ದದ್ದು ಭಯವೆಂದು ಅವಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವನು ಅಂಬೆಗಾಲಿಡುತ್ತಿದ್ದ ಕಾಲದ ಮೇಲೆ ಆ ಕಣ್ಣುಗಳಲ್ಲಿ ಅದನ್ನು ಅವಳು ಕಂಡಿರಲಿಲ್ಲ.

"ಅಲ್ಲಿ ಏನಿದೆ ಅವ್ವ? ಹೋದ ಮೇಲೆ?"

ಹಾಡು ನಾಲಿಗೆಯ ತುದಿಗೆ ಬಂತು. ಎಷ್ಟು ಸಲ ಹೇಳಿಲ್ಲ ಅದನ್ನು! "ಒಂದು ಕಪ್ಪು ಹೊಳೆ. ಹೊಳೆಯಾಚೆ ಬೂದಿಬಣ್ಣದ ಹೂವಿನ ಬಯಲು. ಅಲ್ಲೊಂದು ಬಾಗಿಲು, ಬಾಗಿಲಲ್ಲಿ ನಿನ್ನಪ್ಪ..."

"ಅದು ಹಾಡಲ್ಲಿ ಇರೋದು." ಅವನು ತಲೆ ಅಲ್ಲಾಡಿಸಿದ. "ನೀನು ಹೇಳು. ನಿಂಗೆ ಗೊತ್ತಾ?"

ಬದುಕಿರುವವರು ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಸತ್ತವರ ಪರವಾಗಿ ಜೀವನವಿಡೀ ಮಾತಾಡಿದ್ದ ಹೆಂಗಸು ಮಗನ ಮುಖ ನೋಡಿದಳು. ಸುಳ್ಳು ಹೇಳಿದರೆ ಹಿಡಿದುಬಿಡುತ್ತಾನೆ, ಯಾವಾಗಲೂ ಹಿಡಿಯುತ್ತಿದ್ದ ಎಂದುಕೊಂಡಳು. ಅಥವಾ ಏನೂ ಅಂದುಕೊಳ್ಳಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು.

"ಗೊತ್ತಿಲ್ಲ ಮಗನೇ."

ಅವನು ಅವಳನ್ನು ನೋಡುತ್ತಲೇ ಇದ್ದ. ಇನ್ನೇನೋ ಬರುತ್ತದೆಂದು ಕಾಯುವವನಂತೆ. ಆಮೇಲೆ ಕೈ ಸಡಿಲಿತು. ಗೋಡೆಯ ಕಡೆ ಹೊರಳಿದ. ಮತ್ತೆ ಮಾತಾಡಲಿಲ್ಲ. ಮಾರನೆಯ ದಿನ ನೆತ್ತಿಯ ಬಿಸಿಲಿನಲ್ಲಿ ಉಸಿರು ನಿಂತಿತು.

ಅವನು ತನ್ನಿಂದ ಇಷ್ಟು ವರ್ಷ ನಿಜವನ್ನೇ ಕೇಳುತ್ತಿದ್ದ. ಆ ಮಧ್ಯಾಹ್ನ ಮಾತ್ರ ಬೇರೆಯದನ್ನು ಕೇಳಿದ್ದ. ಇದು ತಿಮಾರೆತೆಗೆ ಹೊಳೆದದ್ದು ಅವನ ಕಣ್ಣು ಮುಚ್ಚಿ, ಗಲ್ಲಕ್ಕೆ ಪಟ್ಟಿ ಕಟ್ಟುತ್ತಿದ್ದಾಗ.

ಹೆಂಗಸರು ಬಂದು ತೊಳೆದರು. ಮೂರು ಬಿಳಿ ಬಟ್ಟೆ ಹೊದಿಸಿದರು. ತಾಯಿಯಾದವಳಿಗೆ ಮನೆಯೊಳಗೆ ಅಳಲು ಕಾನೂನಿನ ಅಡ್ಡಿಯಿರಲಿಲ್ಲ. ಎಲ್ಲರೂ ಕಾದರು. ಊರಿನ ಸತ್ತವರಿಗೆಲ್ಲ ಹಾಡಿದವಳು ಹೆತ್ತ ಮಗನಿಗೆ ಹೇಗೆ ಹಾಡಿಯಾಳು ಎಂದು ಅವರ ಮೈಯೆಲ್ಲ ಕಿವಿಯಾಗಿತ್ತು. ತಿಮಾರೆತೆ ಮಂಚದ ತಲೆಯ ಕಡೆ ನಿಂತಳು, ಕೂದಲು ಬಿಚ್ಚಿದಳು, ನಿಂತೇ ಇದ್ದಳು.

ಎರಡನೆಯ ದಿನ ಸಂಜೆ ಫನೋದಿಕ ಬಂದ. ದುಃಖಕ್ಕೆ ತಲೆಗೂದಲು ಕತ್ತರಿಸಿಕೊಂಡಿದ್ದ. ಪರ್ಮೆನೋನನನ್ನು ಮಗನಂತೆ ಕಂಡವನು, ಮುಖ ಊದಿತ್ತು. ಮೈಲಿಗೆಗೆಂದು ಬಾಗಿಲಲ್ಲಿಟ್ಟಿದ್ದ ನೀರಿನಲ್ಲಿ ಕೈ ಅದ್ದಿ ಒಳಗೆ ಬಂದು ತಿಮಾರೆತೆಯ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದ.

"ಹಾಡು ತಿಮಾರೆತಕ್ಕ. ನಾಳೆ ಬೀದೀಲೂ ಹಾಡು. ತಿರುವಲ್ಲಿ ಇಳಿಸಿಸ್ತೀನಿ. ದಂಡ ನಾನು ಕಟ್ತೀನಿ."

"ಯಾರಿಗೆ ಹಾಡ್ಲಿ ಫನೋದಿಕಣ್ಣ? ಅಲ್ಲಿ ಕೇಳೋರು ಇಲ್ಲ ಅಂದೋನು ನೀನೇ ಅಲ್ವಾ?"

ಫನೋದಿಕ ಮಂಚದ ಅಂಚು ಹಿಡಿದುಕೊಂಡ. "ನಮಗೆ ಹಾಡಕ್ಕ. ನಾನು ಕೇಳ್ತೀನಿ. ನನ್ನ ಕೈಲಿ ತಡೆಯೋಕಾಗ್ತಿಲ್ಲ."

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಎಂಥ ಸಿಟ್ಟಾದರೂ ಬಂದಿದ್ದರೆ ಅದನ್ನು ಹಿಡಿದುಕೊಂಡು ಹಾಡಿಬಿಡುತ್ತಿದ್ದಳೇನೋ. ಅವನ ಮಾತಿಗೆ ಬೆಲೆ ಕೊಟ್ಟು ಬಾಯಿ ತೆರೆದಳು. ಹೆಂಗಸರೆಲ್ಲ ಒಮ್ಮೆಗೇ ತಲೆಯೆತ್ತಿದರು.

"ಪರ್ಮೆನೋನ, ಲಾಂಪೋನನ ಮಗ, ನಿಕಾಂದ್ರನ ಮೊಮ್ಮಗ..."

ಧಾಟಿ ಸರಿಯಾಗಿತ್ತು. ದನಿಯೂ ಸರಿಯಾಗಿತ್ತು. ಮುತ್ತಜ್ಜನ ಹೆಸರು ಬರಬೇಕಾಗಿತ್ತು, ಅದೂ ನೆನಪಿತ್ತು. ಆದರೆ ಹೆಸರುಗಳು ಬಾಯಿಯಿಂದ ಹೊರಟು ಆ ಕೋಣೆಯ ಗೋಡೆಯವರೆಗೆ ಹೋಗಿ ಅಲ್ಲೇ ಬೀಳುತ್ತಿದ್ದವು. ಮೊದಲೆಲ್ಲ ಅವು ಎಲ್ಲಿಗೋ ಹೋಗುತ್ತಿದ್ದವು. ಹೋಗುವುದು ಅವಳಿಗೆ ಮೈಯಲ್ಲಿ ತಿಳಿಯುತ್ತಿತ್ತು. ಈಗ ಹಾಡು ಬರಿಯ ಮಾತಾಗಿತ್ತು. ಅವಳು ಅದನ್ನು ಮೊಟ್ಟಮೊದಲ ಸಲ ಹೊರಗೆ ನಿಂತು ಕೇಳಿಸಿಕೊಂಡಳು, ಬಾಯಿ ಮುಚ್ಚಿದಳು.

ಬೆಳಕು ಹರಿಯುವ ಮೊದಲೇ ಒಯ್ದರು. ತಿರುವುಗಳಲ್ಲಿ ಇಳಿಸಲಿಲ್ಲ. ಹೂಳುವಲ್ಲಿ ಎಣ್ಣೆ, ದ್ರಾಕ್ಷಾರಸ ಸುರಿದರು. ಊರಿನ ಹಿರಿಯರು, "ಮೆಚ್ಚಬೇಕು ತಾಯಿ ನಿನ್ನ. ಕಾನೂನು ಅಂದ್ರೆ ಹಿಂಗೆ ನಡೀಬೇಕು," ಎಂದರು. ಅವಳು ತಲೆಯಾಡಿಸಿದಳು.

ಮನೆಗೆ ಬಂದು ಒಲೆ ಹಚ್ಚಲು ಬಗ್ಗಿದಾಗ ಹೆಡಿಲೆ ಹಿಂದಿನಿಂದ ಬಂದು ಕೈಯಲ್ಲಿದ್ದ ಕಟ್ಟಿಗೆ ಕಿತ್ತುಕೊಂಡಳು.

"ಊರ ಕುಂಟರು ಕುರುಡರಿಗೆಲ್ಲ ಹಾಡ್ದೆ. ಕುರಿಯೋಳ ಕೂಸಿಗೆ ಹಾಡ್ದೆ. ಹೊಟ್ಟೇಲಿ ಹುಟ್ಟಿದೋನಿಗೆ ಒಂದು ಹಾಡು ಇರಲಿಲ್ವಾ ನಿನ್ನ ಹತ್ರ? ಕಲ್ಲು ಕೊರೆದ ಅಂತ ಸೇಡು ತೀರಿಸ್ಕೊಂಡ್ಯಾ?"

"ಇಲ್ಲ ಕಣಮ್ಮ..."

"ಮತ್ತೆ? ಅವ್ರು ಅಲ್ಲಿ ಯಾರು ಅಂತ ಹೇಳ್ಕೋತಾರೆ? ಹೆಸರಿಲ್ದಂಗೆ ಕಳಿಸಿದೆಯಲ್ಲ, ಎಲ್ಲಿ ಅಲೀತಾರೆ ಅವ್ರು?"

ಗಂಡನ ಹೊಸ ಮಾತುಗಳಲ್ಲಿ ಒಂದೂ ಆ ಹುಡುಗಿಗೆ ಅಂಟಿರಲಿಲ್ಲವೆಂದು ತಿಮಾರೆತೆಗೆ ಆಗ ಗೊತ್ತಾಯಿತು. ಅವಳ ಕಣ್ಣಿಗೆ ಗಂಡ ಈಗ ಕತ್ತಲೆಯಲ್ಲಿ ಬಾಗಿಲು ತಡವುತ್ತಿದ್ದ. ಅಲೆಯುವುದಿಲ್ಲ ಎಂದು ಹೇಳಲು ತಿಮಾರೆತೆಗೆ ಆಗಲಿಲ್ಲ, ಏಕೆಂದರೆ ಅದೂ ಗೊತ್ತಿರಲಿಲ್ಲ. ಅಲೆಯಲಿಕ್ಕೆ ಅವನೇ ಇಲ್ಲ ಎಂದು ಹೇಳಲು ಇನ್ನೂ ಆಗಲಿಲ್ಲ. ಹೆಡಿಲೆ ಬಂದರಿನ ತವರಿಗೆ ಹೊರಟುಹೋದಳು. ಮುಂದಿನ ವರ್ಷ ಅವಳನ್ನು ಇನ್ನೊಬ್ಬನಿಗೆ ಕೊಟ್ಟರೆಂದು ಸುದ್ದಿ ಬಂತು.

ಪರ್ಮೆನೋನನ ಮಣ್ಣಿನ ಮೇಲೆ ಬಹಳ ದಿನ ಕಲ್ಲಿರಲಿಲ್ಲ. ಕೊರೆಯುವವನೇ ಕೆಳಗಿದ್ದ. ಕಡೆಗೆ ಫನೋದಿಕ ಹೊರಗಿನಿಂದ ಕಲ್ಲುಕುಟಿಗನನ್ನು ಕರೆಸಿದ. ಆ ಹೊತ್ತಿಗೆ ಹೊಸದೊಂದು ರೂಢಿ ಬಂದಿತ್ತು. ಸತ್ತವರಿಗೆ ಎರಡು ಸಾಲು ಪದ್ಯ ಕಟ್ಟಿಸಿ ಕಲ್ಲಿನಲ್ಲಿ ಕೊರೆಸುವುದು. ಹಾದು ಹೋಗುವವರು ನಿಂತು ಗಟ್ಟಿಯಾಗಿ ಓದಬೇಕು, ಓದಿದಾಗ ಸತ್ತವನೇ ಮಾತಾಡಿದಂತೆ. ಪದ್ಯ ಫನೋದಿಕನೇ ಕಟ್ಟಿದ್ದ. ತಿಮಾರೆತೆಯನ್ನು ಕರೆದುಕೊಂಡು ಹೋಗಿ ಬೆರಳಿಟ್ಟು ಓದಿ ತೋರಿಸಿದ.

"ನಿಲ್ಲು ದಾರಿಹೋಕ. ನಾನು ಪರ್ಮೆನೋನ, ಕಲ್ಲಿಗೆ ಮಾತು ಕಲಿಸಿದವ. ಇಂದು ನನಗೆ ಉಳಿದ ಬಾಯಿ ಈ ಕಲ್ಲೊಂದೇ."

ಅವಳು ಇನ್ನೊಮ್ಮೆ ಓದಿಸಿದಳು.

"ಅವನಪ್ಪನ ಹೆಸರಿಲ್ಲವಲ್ಲ ಇದರಲ್ಲಿ."

"ಹೆಸರು ಸಾಲಿಗೆ ಕೂರಲಿಲ್ಲ ಅಕ್ಕ. ಜಾಗ ಸಾಲಲಿಲ್ಲ."

"ಹೂಂ."

"ಚೆನ್ನಾಗಿಲ್ವಾ?"

"ಚೆನ್ನಾಗಿದೆ ಕಣಣ್ಣ. ಚಿಕ್ಕದಾಗಿ, ಚೊಕ್ಕವಾಗಿದೆ."

ಅವಳಿಂದ ಇನ್ನೇನಾದರೂ ಮಾತು ಬರಬಹುದೆಂದು ಫನೋದಿಕ ನಿಂತಿದ್ದ. ಏನೂ ಬರದಿದ್ದಾಗ ಮೇಲುಹೊದಿಕೆ ಸರಿಪಡಿಸಿಕೊಂಡು ಇಳಿದು ಹೋದ.

ತಿಮಾರೆತೆ ಅಭ್ಯಾಸಬಲದಿಂದ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಎಣ್ಣೆ ಸುರಿಯುತ್ತಿದ್ದಳು. ಸುರಿದದ್ದು ಮಣ್ಣಿನಲ್ಲಿ ಇಂಗುವುದನ್ನು ನೋಡುತ್ತ ಕುಳಿತಿರುತ್ತಿದ್ದಳು. ಗಂಡನನ್ನು ಕನಸಿಗೆ ಕರೆದಳು, ಬರಲಿಲ್ಲ. ಒಂದು ದಿನ ಬಂದರಿನಿಂದ ಉಪ್ಪು ತರುತ್ತಿದ್ದ ಯಾರೋ ಇಬ್ಬರು ಕತ್ತೆ ನಿಲ್ಲಿಸಿ ಕಲ್ಲನ್ನು ಓದಿದರು. ಅಕ್ಷರ ಬಲ್ಲವನು ತಡವರಿಸುತ್ತ ಓದಿದ: ನಾನು... ಪರ್ಮೆನೋನ. ಒರಟು ದನಿ, ಹೊರಗಿನ ಉಚ್ಚಾರ. ಇನ್ನೊಬ್ಬ, "ಹಂಗಾದ್ರೆ ನಾನು ರಾಜ ಕಣೋ," ಎಂದ. ಇಬ್ಬರೂ ನಕ್ಕು ಕತ್ತೆಗೆ ಬಾರಿಸಿ ಮುಂದೆ ಹೋದರು. ಕೆಟ್ಟವರೇನಲ್ಲ, ದಾರಿಯ ಬೇಸರಕ್ಕೆ ಆಡಿದ ಮಾತು. ಮುದುಕಿಯೊಬ್ಬಳು ಪೊದೆಯ ನೆರಳಿನಲ್ಲಿ ಕುಳಿತದ್ದನ್ನು ಅವರು ನೋಡಿಯೂ ಇರಲಿಲ್ಲ. ಅಂದಿನಿಂದ ಅವಳು ಅತ್ತ ಹೋಗುವುದನ್ನು ಬಿಟ್ಟಳು.

ಆಮೇಲೂ ಅವಳು ಬಹಳ ಕಾಲ ಬದುಕಿದಳು. ಮೇಕೆ ಸಾಕಿದಳು, ಓಕ್ ಕಾಯಿ ಆಯ್ದಳು, ಯಾರಾದರೂ ಮಾತಾಡಿಸಿದರೆ ಮಾತಾಡಿದಳು. ಸಾವಾದ ಮನೆಗಳಿಗೆ ಹೋಗಿ ಹೆಣ ತೊಳೆಯಲು ನೀರು ಹಾಕಿಕೊಡುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರಿಗೆ ಅವಳು ಒಂದು ಕಾಲದಲ್ಲಿ ಹಾಡುತ್ತಿದ್ದಳೆಂಬುದೇ ಗೊತ್ತಿರಲಿಲ್ಲ. ಒಂದು ಚಳಿಗಾಲದ ಬೆಳಗ್ಗೆ ಮೇಕೆಗಳು ಹಾಲು ಕರೆಸಿಕೊಳ್ಳದೆ ಒದರುತ್ತಿದ್ದುದನ್ನು ಕೇಳಿ ಪಕ್ಕದ ಮನೆಯವರು ಹೋಗಿ ನೋಡಿದರು. ಮಾರನೆಯ ಮುಂಜಾನೆ ನಾಲ್ಕು ಜನ ಗಂಡಸರು ಅವಳನ್ನು ಒಯ್ದರು. ಗಾಳಿ ಜೋರಾಗಿತ್ತು, ಬೇಗ ಬೇಗ ಮಣ್ಣೆಳೆದು ತಂತಮ್ಮ ಕೆಲಸಕ್ಕೆ ಹೋದರು. ಮೇಕೆಗಳನ್ನು ಪಕ್ಕದ ಮನೆಯವರು ಹೊಡೆದುಕೊಂಡು ಹೋದರು.